ಹಳೇ ಮನೆ ವೈರಿಂಗ್ ಚೆಕ್ ಮಾಡಿಸ್ದೆ, 3,500 ದಂಡ ಆಗ್ಲಿಲ್ಲ (4/5)

ನಮ್ದು ಮೈಸೂರು ಕುವೆಂಪುನಗರದ ಹಳೇ ಮನೆ, 1991ರಲ್ಲಿ ಅಪ್ಪ ಕಟ್ಸಿದ್ದು, ವೈರಿಂಗೂ ಅವತ್ತಿಂದೇ. ಎರಡು ತಿಂಗಳಿಂದ ಬೆಳಿಗ್ಗೆ ಹೊತ್ತು ಬಚ್ಚಲುಮನೆ ಹತ್ರ ಒಂಥರಾ ಮೀನಿನ ವಾಸನೆ ಬರುತ್ತೆ ಅಂತ ಅಮ್ಮ ಹೇಳ್ತಾನೇ ಇದ್ರು, ನಾವು ಪಕ್ಕದ ಮನೆ ಅಡುಗೆ ಇರ್ಬೇಕು ಅಂತ ಸುಮ್ನಿದ್ವಿ. ಕೊನೆಗೆ ಥರ್ಮಲ್ ಕ್ಯಾಮೆರಾ ಇಟ್ಕೊಂಡು ವೈರಿಂಗ್ ನೋಡೋ ಇಬ್ಬರು ಹುಡುಗರನ್ನ ಕರ್ಸಿದೆ, ಎರಡು ಬೆಡ್‌ರೂಮ್ ಮನೆಗೆ 3,500. "ಗೋಡೆ ಫೋಟೋ ತೆಗೆಯೋಕೆ ಅಷ್ಟು ದುಡ್ಡೇನೋ" ಅಂದ್ರು ಅಪ್ಪ.

ಬಂದೋರು ಮೊದ್ಲು ಹೇಳಿದ್ದೇ "ಅಮ್ಮಾ, ಗೀಸರ್, ಇಸ್ತ್ರಿಪೆಟ್ಟಿಗೆ, ಸಂಪಿನ ಮೋಟರು ಎಲ್ಲಾ ಆನ್ ಮಾಡಿ." ಅಮ್ಮಂಗೆ ಬಿಲ್ಲಿನ ಚಿಂತೆ. ಆದ್ರೆ ಲೋಡ್ ಇಲ್ದೆ ಬಿಸಿ ಆಗಲ್ಲ, ಬಿಸಿ ಆಗ್ದೆ ಕ್ಯಾಮೆರಾಗೆ ಏನೂ ಕಾಣಲ್ಲ. ಇಪ್ಪತ್ತು ನಿಮಿಷ ಬಿಟ್ಟು ಒಂದೊಂದೇ ಬೋರ್ಡ್ ನೋಡ್ಕೊಂಡು ಬಂದ್ರು, ಎಲ್ಲಾ ಕಡೆ 35 ಡಿಗ್ರಿ ಆಸುಪಾಸು, ಗೀಸರ್ ಪಾಯಿಂಟ್ ಹತ್ರ ಬಂದಾಗ ಸ್ಕ್ರೀನಲ್ಲಿ ಒಂದು ಬಿಳಿ ಚುಕ್ಕೆ, 91! ಮೇನ್ ಆಫ್ ಮಾಡಿ ಬಿಚ್ಚಿದ್ರೆ ಸ್ಕ್ರೂ ಲೂಸು, ಸಾಕೆಟ್ ಹಿಂದೆ ಕಾಫಿ ಬಣ್ಣ, ವೈರ್ ಮೇಲಿನ ಪಿವಿಸಿ ಪ್ಲಾಸ್ಟಿಕ್ ಮುಟ್ಟಿದ್ರೆ ಹಪ್ಪಳದ ಥರ ಪುಡಿ. ಅಮ್ಮ ಹೇಳ್ತಿದ್ದ ಮೀನಿನ ವಾಸನೆ ಈ ಪ್ಲಾಸ್ಟಿಕ್ ಬೆಂದಿದ್ದು. ಆ ವೈರ್ ತಡ್ಕೊಳ್ಳೋದೇ 70 ಡಿಗ್ರಿ. ಹೊರಗಿಂದ ನೋಡಿದ್ರೆ ಸ್ವಲ್ಪ ಹಳದಿ ಅಷ್ಟೇ. ಆ ಸಾಕೆಟ್ಟನ್ನ ಅಪ್ಪ ಈಗ ಮನೆಗೆ ಬಂದೋರಿಗೆಲ್ಲ ತೋರಿಸ್ತಾರೆ, ತಾವು ಏನಂದಿದ್ರು ಅನ್ನೋದು ಮಾತ್ರ ಹೇಳಲ್ಲ.

ಎಂಸಿಬಿ (ಕರೆಂಟ್ ಮಿತಿಗಿಂತ ಜಾಸ್ತಿ ಹರಿದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಯಾಕೆ ಬೀಳ್ಲಿಲ್ಲ ಅಂತ ನಂಗೂ ಡೌಟು. 2000 ವ್ಯಾಟ್ ಗೀಸರ್ ಎಳೆಯೋದು 9 ಆಂಪಿಯರ್ ಒಳಗೆ, ಸ್ಕ್ರೂ ಲೂಸಾದ್ರೆ ಅದು ಚೂರು ಕಮ್ಮಿ ಆಗುತ್ತೇ ಹೊರತು ಜಾಸ್ತಿ ಆಗಲ್ಲ, ಎಂಸಿಬಿ ಪಾಲಿಗೆ ಎಲ್ಲಾ ಸರಿಯಾಗೇ ಇದೆ. ಆದ್ರೆ ಆ ಜಾಗದಲ್ಲಿ ಅರ್ಧ ಓಮ್ ರೆಸಿಸ್ಟೆನ್ಸ್ ಇದ್ರೂ ಹೆಚ್ಚುಕಮ್ಮಿ 38 ವ್ಯಾಟ್ ಬಿಸಿ, ರೇಡಿಯೋ ರಿಪೇರಿಯೋರ 25 ವ್ಯಾಟ್ ಸೋಲ್ಡರಿಂಗ್ ಐರನ್‌ಗಿಂತ ಜಾಸ್ತಿ, ಅದೂ ಪ್ಲಾಸ್ಟಿಕ್ ಡಬ್ಬಿ ಒಳಗೆ, ದಿನಾ ಬೆಳಿಗ್ಗೆ.

ಆದ್ರೂ ನನ್ ಪ್ರಕಾರ ಕ್ಯಾಮೆರಾಗಿಂತ ಕೆಲ್ಸಕ್ಕೆ ಬಂದಿದ್ದು ಮೆಗ್ಗರ್, ಅಂದ್ರೆ ವೈರಿನ ಇನ್ಸುಲೇಶನ್ (ಮೇಲಿನ ಹೊದಿಕೆ) ಎಷ್ಟು ಗಟ್ಟಿ ಇದೆ ಅಂತ ಅಳೆಯೋ ಮೀಟರು. ಕ್ಯಾಮೆರಾ ಗೋಡೆ ಒಳಗೆ ನೋಡಲ್ಲ, ಮೇಲ್ಮೈ ಬಿಸಿ ಅಷ್ಟೇ. ಮೇನ್ ಆಫ್ ಮಾಡಿ, ಟಿವಿ ಫ್ರಿಡ್ಜ್ ಎಲ್ಲಾ ಕಿತ್ತು, ಒಂದೊಂದು ಲೈನಿಗೂ 500 ವೋಲ್ಟ್ ಡಿಸಿ ಹಾಕಿ ಇನ್ಸುಲೇಶನ್ ನೋಡಿದ್ರು. ಕನಿಷ್ಠ 1 ಮೆಗಾಓಮ್ ಇರ್ಬೇಕು, ಹಿತ್ತಲ ಲೈಟಿನ ಲೈನಲ್ಲಿ ಬಂದಿದ್ದು 0.02. ಪೈಪ್ ಒಳಗೆ ನೀರು ಇಳಿದು ಕರೆಂಟ್ ಲೀಕ್ ಆಗ್ತಿತ್ತು. ಆಮೇಲೆ ತಲೆ ಕೆಟ್ಟಿದ್ದು ಡಿಬಿ (ಎಂಸಿಬಿಗಳೆಲ್ಲ ಇರೋ ಡಬ್ಬಿ) ಒಳಗೆ ನೋಡ್ದಾಗ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಪದೇ ಪದೇ ಬೀಳ್ತಿತ್ತು, ನಮ್ ಖಾಯಂ ಎಲೆಕ್ಟ್ರಿಷಿಯನ್ ಬಂದು ಸರಿ ಮಾಡಿದೀನಿ ಅಂತ ಇನ್ನೂರು ರೂಪಾಯಿ ಇಸ್ಕೊಂಡು ಹೋಗಿದ್ದ. ಮಾಡಿದ್ದೇನು ಅಂದ್ರೆ ಅದನ್ನೇ ಬೈಪಾಸ್ ಮಾಡಿ ಎರಡು ವೈರ್ ನೇರ ಜೋಡ್ಸಿದಾನೆ! ಅದು ಬೀಳ್ತಿದ್ದಿದ್ದು ಇದೇ ಹಿತ್ತಲ ಲೈನಿಂದ, ಪಾಪ, ಅದು ನಿಜಾನೇ ಹೇಳ್ತಿತ್ತು.

ಒಂದು ಸ್ಟಾರ್ ಯಾಕೆ ಕಟ್ ಅಂದ್ರೆ, ಮೊದಲ್ನೇ ದಿನ ಕರೆಂಟ್ ಇದ್ಯಾ ಅಂತ ಫೋನ್ ಮಾಡಿ ಕೇಳ್ದೆ ಬಂದು ವಾಪಸ್ ಹೋದ್ರು, ನಂದೊಂದು ರಜೆ ಹಾಳು. ರಿಪೋರ್ಟ್ 22 ಪೇಜು ಪೂರ್ತಿ ಇಂಗ್ಲಿಷು, ಅಪ್ಪ ಅಮ್ಮಂಗೆ ಫೋಟೋ ಬಿಟ್ರೆ ಏನೂ ಅರ್ಥ ಆಗ್ಲಿಲ್ಲ. ರಿಪೇರಿ ಅವ್ರು ಮಾಡಲ್ಲ, ಪಟ್ಟಿ ಕೊಟ್ಟು ಹೋಗ್ತಾರೆ, ನಂಗೆ ಅದೇ ಇಷ್ಟ ಆಯ್ತು, ಇಲ್ಲದ್ದು ತೋರ್ಸಿ ಬಿಲ್ ಏರ್ಸೋ ಆಸೆ ಇರಲ್ಲ. ಸ್ಪಾರ್ಕ್ ಹಿಡಿಯೋ ಬ್ರೇಕರ್ ಹಾಕಿಸ್ಲಾ ಅಂತ ಕೇಳಿದ್ದಕ್ಕೂ (ಅಮೆರಿಕದಲ್ಲಿ ಬೆಡ್‌ರೂಮ್ ಲೈನಿಗೆ ಅದು 1999ರ ಕೋಡಲ್ಲೇ ಬಂದಿದೆ) "ಮೊದ್ಲು ಆರ್‌ಸಿಸಿಬಿ ಸರಿ ಮಾಡ್ಸಿ ಸರ್" ಅಂದ್ರು.

ಕರೆಸೋರು ಮನೇಲಿ ಯುಪಿಎಸ್ ಇದ್ರೆ ಬುಕ್ ಮಾಡೋವಾಗ್ಲೇ ಹೇಳ್ಬಿಡಿ, ಮೆಗ್ಗರ್ ಹಾಕೋ ಮುಂಚೆ ಅದನ್ನ ಬಿಡಿಸ್ಬೇಕು, ನಮ್ಮನೇಲಿ ಅದಕ್ಕೇ ಒಂದು ಗಂಟೆ ಹೋಯ್ತು.