ಲೈವ್ ಕ್ಲಾಸ್, ವಿಡಿಯೊ ಪಾಠ, ಪ್ರಾಕ್ಟೀಸ್ ಆ್ಯಪ್: ನನ್ನ ಮಕ್ಕಳಿಗೆ ಯಾವುದು ಹಿಡಿಸಿತು

2020ರಲ್ಲಿ ಶಾಲೆಗಳು ಮುಚ್ಚಿದಾಗ, ಯುನೆಸ್ಕೋ ಲೆಕ್ಕದಂತೆ ಜಗತ್ತಿನಲ್ಲಿ 150 ಕೋಟಿಗೂ ಜಾಸ್ತಿ ವಿದ್ಯಾರ್ಥಿಗಳ ತರಗತಿ ನಿಂತಿತ್ತು. ಆಗ ಮನೆಗೆ ಬಂದ ಆನ್‌ಲೈನ್ ಪಾಠ, ಶಾಲೆ ತೆರೆದ ಮೇಲೂ ಹೋಗಲಿಲ್ಲ. ನನ್ನ ಮಗಳು ನಾಲ್ಕನೇ ಕ್ಲಾಸ್, ಮಗ ಒಂಬತ್ತನೇ ಕ್ಲಾಸ್. ಇಬ್ಬರಿಗೂ ಮೂರು ಬಗೆಯನ್ನೂ ಕೊಟ್ಟು ನೋಡಿದೆ.

ಮಗಳಿಗೆ ಭಾಗಾಕಾರ ಕಷ್ಟ. 612ನ್ನು 6ರಿಂದ ಭಾಗಿಸಿ 12 ಅಂತ ಬರೆಯುತ್ತಿದ್ದಳು. ಉತ್ತರ 102, ನಡುವಿನ ಸೊನ್ನೆಯೇ ಬಿಟ್ಟುಹೋಗುತ್ತಿತ್ತು. ವಿಡಿಯೊ ಎರಡು ಸಲ ನೋಡಿ ತಲೆಯಾಡಿಸಿದಳು, ಮತ್ತೆ 12 ಬರೆದಳು. ಆ್ಯಪ್‌ನಲ್ಲಿ ನಾಲ್ಕು ಉತ್ತರ ಕೊಟ್ಟಿರುತ್ತಾರೆ. ಒಂದು ತಪ್ಪಾದರೆ ಸುಮ್ನೆ ಇನ್ನೊಂದು ಒತ್ತುತ್ತಿದ್ದಳು.

ಮೊದಲು ಸೇರಿಸಿದ ಲೈವ್ ಕ್ಲಾಸ್ ಕೂಡ ಪ್ರಯೋಜನಕ್ಕೆ ಬರಲಿಲ್ಲ. ಮೂವತ್ತು ಮಕ್ಕಳು, ಎಲ್ಲರೂ ಮ್ಯೂಟ್. "ಅರ್ಥ ಆಯ್ತಾ?" ಅಂದರೆ ಎಲ್ಲರೂ ಹೆಬ್ಬೆರಳು ಎತ್ತುತ್ತಾರೆ. ಆಮೇಲೆ ಐದೇ ಮಕ್ಕಳಿದ್ದ ಕ್ಲಾಸಿಗೆ ಹಾಕಿದೆ. ಅಲ್ಲಿನ ಟೀಚರ್ "ಮುಖ ಬೇಡ ಪುಟ್ಟಾ, ನೋಟ್‌ಬುಕ್ ತೋರಿಸು" ಅಂದರು. ಪುಸ್ತಕ ಪೇರಿಸಿ, ಮೊಬೈಲಿನ ಕ್ಯಾಮೆರಾ ಕೆಳಗೆ ನೋಡುವ ಹಾಗೆ ಇಟ್ಟೆವು. ಮಗಳು 1 ಇಳಿಸಿದಳು, ಹಿಂದೆಯೇ 2 ಇಳಿಸಲು ಹೋದಳು.

"ನಿಲ್ಲು. 1ರಲ್ಲಿ 6 ಎಷ್ಟು ಸಲ ಹೋಗುತ್ತೆ?"

"ಹೋಗಲ್ಲ ಮಿಸ್."

"ಹಾಗಾದ್ರೆ ಅದನ್ನೂ ಮೇಲೆ ಬರಿ."

ಸೊನ್ನೆ ಬರೆದಳು. ನನಗೆ ಕಣ್ಣು ತುಂಬಿ ಬಂತು. ಚಿಕ್ಕ ಮಕ್ಕಳಿಗೆ ಉತ್ತರ ನೋಡಿದರೆ ಸಾಲದು, ಬರೆಯುವ ಕೈಯನ್ನೇ ನೋಡಬೇಕು ಅಲ್ವಾ?

ಮಗನದು ಪೂರ್ತಿ ಬೇರೆ. ಲೈವ್ ಕ್ಲಾಸಿನಲ್ಲಿ ಎಲ್ಲರ ಎದುರು ಪ್ರಶ್ನೆ ಕೇಳಲು ಅವನಿಗೆ ನಾಚಿಕೆ. ವಿಡಿಯೊದಲ್ಲಾದರೆ ವೇಗ–ಕಾಲದ ಗ್ರಾಫ್ ಬಂದಾಗ ನಿಲ್ಲಿಸಿ, ತಾನೇ ಗೆರೆ ಎಳೆದು, ಆಮೇಲೆ ಮುಂದೆ ಓಡಿಸುತ್ತಾನೆ. ಅರ್ಥವಾಗದಿದ್ದರೆ ಹಿಂದಕ್ಕೆ ಹೋಗುತ್ತಾನೆ. ಉಚಿತ ಆನ್‌ಲೈನ್ ಪಾಠಗಳ ಖಾನ್ ಅಕಾಡೆಮಿ ಕಟ್ಟಿದ ಸಲ್ಮಾನ್ ಖಾನ್ (ಸಿನಿಮಾ ನಟ ಅಲ್ಲ) 2004ರಲ್ಲಿ ದೂರದಲ್ಲಿದ್ದ ಬಂಧುಗಳ ಹುಡುಗಿಯೊಬ್ಬಳಿಗೆ ಗಣಿತ ಹೇಳಿಕೊಡಲು ಶುರು ಮಾಡಿದ್ದರು. ವಿಡಿಯೊ ಹಾಕತೊಡಗಿದ ಮೇಲೆ ಬಂಧುಗಳ ಮಕ್ಕಳಿಗೆ ಅವರ ನೇರ ಪಾಠಕ್ಕಿಂತ ಅದೇ ಇಷ್ಟವಾಯಿತಂತೆ. ಮಗನನ್ನು ನೋಡಿದರೆ ಅದು ನಿಜ ಅನಿಸುತ್ತದೆ. ಆದರೆ ಪಕ್ಕದಲ್ಲೇ ಕ್ರಿಕೆಟ್ ವಿಡಿಯೊ ಕರೆಯುತ್ತಿರುತ್ತದೆ. ಹಾಗಾಗಿ ಪಾಠದ ವಿಡಿಯೊ ಡೌನ್‌ಲೋಡ್ ಮಾಡಿಟ್ಟು ಇಂಟರ್‌ನೆಟ್ ಆಫ್ ಮಾಡುತ್ತೇನೆ.

ಆ್ಯಪ್ ಮಗ್ಗಿಗೆ ಒಳ್ಳೆಯದು, ದಿನಕ್ಕೆ ಹತ್ತು ನಿಮಿಷ. ಹೊಸ ಪಾಠ ಕಲಿಯಲು ನಾನಂತೂ ಅದನ್ನು ಕೊಡುವುದಿಲ್ಲ.