ವೈ-ಫೈ ಆಧಾರಿತ ಸ್ಥಳ ಪತ್ತೆ: ಬೆಂಗಳೂರಿನಲ್ಲಿ ಹಲವು ವರ್ಷ ಬಳಸಿದ ಮೇಲೆ

ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಲೊಕೇಶನ್ ಅಕ್ಯುರೆಸಿ’ ಎಂಬ ಹೆಸರಿನಡಿ ಇರುವ ಈ ಸೇವೆಯನ್ನು ಹೆಚ್ಚಿನವರು ಜಿಪಿಎಸ್ ಎಂದೇ ತಿಳಿದಿರುತ್ತಾರೆ. ಎರಡೂ ಬೇರೆ ಬೇರೆ ಎಂಬುದು ಗೊತ್ತಾಗಬೇಕಾದರೆ ಚಿಕ್ಕಪೇಟೆಯ ಗಲ್ಲಿಗಳಲ್ಲಿ ಓಡಾಡಬೇಕು. ಕಟ್ಟಡಗಳ ನಡುವೆ ಆಕಾಶ ಒಂದು ಪಟ್ಟಿಯಷ್ಟೇ ಕಾಣುವ ಅಲ್ಲಿ ಉಪಗ್ರಹದ ಸಂಕೇತ ಗೋಡೆಗಳಿಗೆ ಬಡಿದು ತಡವಾಗಿ ತಲುಪುವುದರಿಂದ, ಜಿಪಿಎಸ್ ಒಂದನ್ನೇ ನೆಚ್ಚಿಕೊಂಡರೆ ನಕ್ಷೆಯ ನೀಲಿ ಚುಕ್ಕೆ ಪಕ್ಕದ ಬೀದಿಗೆ ಜಿಗಿಯುತ್ತದೆ. ವೈ-ಫೈ ಆಧಾರವೂ ಸೇರಿದಾಗ ಅದೇ ಚುಕ್ಕೆ ನಾನು ನಿಂತಿರುವ ಸೀರೆ ಅಂಗಡಿಯ ಆಸುಪಾಸಿನಲ್ಲೇ ನಿಲ್ಲುತ್ತದೆ.

ಇದಕ್ಕೆ ಅಂಗಡಿಯವರ ಪಾಸ್‌ವರ್ಡ್ ಬೇಕಿಲ್ಲ. ಪ್ರತಿ ರೂಟರ್ ತನ್ನ 48 ಬಿಟ್‌ಗಳ ವಿಳಾಸವನ್ನು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು ಹತ್ತು ಬಾರಿ ಸಾರುತ್ತಿರುತ್ತದೆ. ಫೋನ್ ಆ ವಿಳಾಸಗಳನ್ನೂ ಒಂದೊಂದರ ಸಿಗ್ನಲ್ ಬಲವನ್ನೂ ದೂರದ ಸರ್ವರ್‌ಗೆ ಕಳುಹಿಸಿ, ಯಾವ ರೂಟರ್ ಎಲ್ಲಿದೆ ಎಂಬ ದಾಖಲೆಯೊಡನೆ ಹೋಲಿಸಿ ಉತ್ತರ ಪಡೆಯುತ್ತದೆ. ಬಾಸ್ಟನ್ನಿನಲ್ಲಿ 2003ರಲ್ಲಿ ಆರಂಭವಾದ ಸ್ಕೈಹುಕ್ ಸಂಸ್ಥೆ ಇಂಥ ದಾಖಲೆಯನ್ನು ಬೀದಿ ಬೀದಿ ಸುತ್ತಿ ಕಟ್ಟಿತು; ಜಿಪಿಎಸ್ ಇಲ್ಲದ ಮೊದಲ ಐಫೋನ್‌ಗೆ 2008ರಲ್ಲಿ ಸ್ಥಳ ತೋರಿಸಿದ್ದರಲ್ಲಿ ಅದರ ಪಾಲಿತ್ತು. ಈಗ ಆ ಕೆಲಸವನ್ನು ನಮ್ಮ ನಿಮ್ಮ ಫೋನುಗಳೇ ಸಂಬಳವಿಲ್ಲದೆ ಮಾಡುತ್ತಿವೆ.

ಸೇವೆಯ ದೊಡ್ಡ ದೋಷ ಇರುವುದೂ ಆ ದಾಖಲೆಯಲ್ಲೇ. ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಈ ಊರಿನಲ್ಲಿ ರೂಟರ್‌ಗಳು ಪಾತ್ರೆ ಪಗಡಿಯೊಡನೆ ಟೆಂಪೋ ಹತ್ತುತ್ತಲೇ ಇರುತ್ತವೆ. ನನ್ನ ಸ್ನೇಹಿತರೊಬ್ಬರು ಬಸವನಗುಡಿಯಿಂದ ಕೆಂಗೇರಿಯಾಚೆಯ ಹೊಸ ಬಡಾವಣೆಗೆ ಮನೆ ಬದಲಿಸಿದ ಮೇಲೆ, ಅವರ ಹಜಾರದಲ್ಲಿ ಕುಳಿತಾಗಲೆಲ್ಲ ನನ್ನ ಫೋನ್ ಬಸವನಗುಡಿಯನ್ನೇ ತೋರಿಸುತ್ತಿತ್ತು. ವರಾಂಡಕ್ಕೆ ಬಂದರೆ ಜಿಪಿಎಸ್ ಸಿಕ್ಕಿ ಚುಕ್ಕೆ ಒಮ್ಮೆಲೇ ಕೆಂಗೇರಿಗೆ ಹಾರುತ್ತಿತ್ತು. ಸುತ್ತಲೂ ಹತ್ತಾರು ರೂಟರ್‌ಗಳಿದ್ದರೆ ಗುಂಪಿಗೆ ಸೇರದ ಒಂದನ್ನು ಲೆಕ್ಕಕ್ಕೆ ಹಿಡಿಯದೆ ಬಿಡಬಹುದಿತ್ತು, ಆದರೆ ಅಕ್ಕಪಕ್ಕದ ನಿವೇಶನಗಳೆಲ್ಲ ಖಾಲಿ ಇದ್ದ ಅಲ್ಲಿ ಕೇಳಿಸುತ್ತಿದ್ದುದು ಅವರ ರೂಟರಿನ ಎರಡು ಬ್ಯಾಂಡುಗಳ (ತರಂಗ ಪಟ್ಟಿಗಳ) ಎರಡು ವಿಳಾಸಗಳು ಮಾತ್ರ, ಎರಡೂ ಒಂದೇ ಹಳೆಯ ಸಾಕ್ಷಿ ಹೇಳುತ್ತಿದ್ದವು. ಕೆಲವು ವಾರಗಳ ನಂತರ ಅದು ತಾನಾಗಿಯೇ ಸರಿಹೋಯಿತು. ಆದ್ದರಿಂದ ಚುಕ್ಕೆಗಿಂತ, ಅಂದಾಜು ಎಷ್ಟು ದೂರ ತಪ್ಪಿರಬಹುದೆಂದು ಸೂಚಿಸುವ ಅದರ ಸುತ್ತಲಿನ ತಿಳಿನೀಲಿ ವೃತ್ತವನ್ನು ನೋಡುವುದು ಮೇಲು, ಇಂಥ ಸಂದರ್ಭದಲ್ಲಿ ಅದೂ ಮೋಸ ಮಾಡಬಲ್ಲುದಾದರೂ.

ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದ ಒಳಗೆ, ಜಿಪಿಎಸ್ ಸುಳಿಯದ ಆಳದಲ್ಲಿ, ನಿಲ್ದಾಣ ಇದೇ ಎಂದು ಹೇಳುವಷ್ಟು ನಿಖರತೆ ಸಿಗುತ್ತದೆ. ನೇರಳೆ ಮಾರ್ಗದ ಮಟ್ಟದಲ್ಲಿದ್ದೇನೋ ಹಸಿರು ಮಾರ್ಗದ ಮಟ್ಟದಲ್ಲಿದ್ದೇನೋ ಎಂಬುದು ತಿಳಿಯುವುದಿಲ್ಲ. ಸಿಗ್ನಲ್‌ನ ಬಲದ ಬದಲು ಅದು ಹೋಗಿ ಬರುವ ಸಮಯವನ್ನು ಅಳೆದು ಒಂದೆರಡು ಮೀಟರಿನೊಳಗೆ ಸ್ಥಳ ಹೇಳುವ ವಿಧಾನಕ್ಕೆ ಆಂಡ್ರಾಯ್ಡ್ 2018ರಲ್ಲೇ ಬೆಂಬಲ ಕೊಟ್ಟಿದೆಯಾದರೂ, ರೂಟರ್‌ಗೂ ಅದು ಬರಬೇಕು, ನನ್ನ ಮನೆಯದಕ್ಕೆ ಬರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಐಪಿ ವಿಳಾಸವನ್ನಷ್ಟೇ ನೋಡುವ ಜಾಲತಾಣಗಳು ನನ್ನನ್ನು ಆಗಾಗ ಚೆನ್ನೈಗೆ ಕಳುಹಿಸುತ್ತವೆ ಎಂಬುದನ್ನು ನೆನೆದರೆ ಇದೇ ವಾಸಿ.

ಖಾಸಗಿತನದ ವಿಷಯದಲ್ಲಿ ನನಗೆ ಸಮಾಧಾನವಿಲ್ಲ. ವೈ-ಫೈ ಆಫ್ ಮಾಡಿದರೂ ‘ವೈ-ಫೈ ಸ್ಕ್ಯಾನಿಂಗ್’ ಎಂಬ ಬೇರೊಂದು ಆಯ್ಕೆ ಆನ್ ಆಗಿದ್ದರೆ ಹುಡುಕಾಟ ನಡೆದೇ ಇರುತ್ತದೆ. ಅದನ್ನು ನಾನು ಆಫ್ ಮಾಡಿದ್ದೇನೆ. ರೂಟರಿನ ಹೆಸರಿನ ಕೊನೆಗೆ ‘ಅಂಡರ್‌ಸ್ಕೋರ್ ನೋಮ್ಯಾಪ್’ (_nomap) ಸೇರಿಸಿದರೆ ಅದನ್ನು ದಾಖಲೆಯಿಂದ ಕೈಬಿಡುವ ಏರ್ಪಾಡನ್ನು ಗೂಗಲ್ 2011ರಲ್ಲಿ ತಂದಿತು. ನಾನೂ ಸೇರಿಸಿದೆ, ಮನೆಯ ಟಿವಿಯಿಂದ ಹಿಡಿದು ಎಲ್ಲ ಸಾಧನಗಳನ್ನೂ ಮತ್ತೆ ಜೋಡಿಸಿದ್ದಾಯಿತು. ಆದರೂ ನನ್ನ ಫೋನ್ ಮಲಗುವ ಕೋಣೆಯಲ್ಲೂ ನಮ್ಮ ಮನೆಯನ್ನು ಮೊದಲಿನಷ್ಟೇ ಸರಿಯಾಗಿ ತೋರಿಸುತ್ತಿದೆ, ಏಕೆಂದರೆ ಮೇಲಿನ ಮಹಡಿಯವರೂ ಎದುರುಮನೆಯವರೂ ತಮ್ಮ ರೂಟರಿನ ಹೆಸರು ಬದಲಿಸಿಲ್ಲ. ಉಪಯುಕ್ತತೆಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ರೂಟರ್ ಇಟ್ಟವರ ಒಪ್ಪಿಗೆ ಕೇಳುವ ಬದಲು, ಬೇಡವಾದವರೇ ಹೆಸರು ಬದಲಿಸಿಕೊಳ್ಳಲಿ ಎನ್ನುವ ಕ್ರಮಕ್ಕೆ ಉಳಿದ ಒಂದನ್ನು ಕಳೆದಿದ್ದೇನೆ.