ಬಿಗಿ ಇದ್ದ ಮಾತ್ರಕ್ಕೆ ಅಲಗು ಲಾಕ್ ಆಗಿದೆ ಎಂದುಕೊಳ್ಳಬೇಡಿ

ನನ್ನ ಬಲಗೈಯ ತೋರುಬೆರಳು ಈಗ ಪೂರ್ತಿ ಮಡಚುವುದಿಲ್ಲ. ರೊಟ್ಟಿ ಮುರಿಯುತ್ತೇನೆ, ಬೈಕ್ ಓಡಿಸುತ್ತೇನೆ. ಆದರೆ ಕತ್ತರಿ ಹಿಡಿದು ಒಂದು ತಾಸು ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿಯ ಕಡ್ಡಿ ಸವರುವ ಕೆಲಸ, ಮಾಡಿದರೆ ನಡುಗಂಟು ಸೆಟೆದು ನಿಂತುಬಿಡುತ್ತದೆ. ಹೋದ ವರ್ಷ ಒಂಬತ್ತು ತಿಂಗಳು ಕಿಸೆಯಲ್ಲಿಟ್ಟುಕೊಂಡು ತಿರುಗಿದ ಮಡಚುವ ಪಕ್ಕಡ ಇದಕ್ಕೆ ಕಾರಣ. ಅಂಥದ್ದೇ ಪಕ್ಕಡ ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾ, ಬಿಜ್ಜರಗಿ ಕಡೆಯ ಎಷ್ಟೋ ದ್ರಾಕ್ಷಿ ಪಡಗಳಲ್ಲಿ ಹುಡುಗರ ಕೈಯಲ್ಲಿ ಕಾಣುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಲ್ಟಿಟೂಲ್ ಎನ್ನುತ್ತಾರಲ್ಲ, ಅದು. ಎರಡು ಹಿಡಿ ಬಿಚ್ಚಿದರೆ ಪಕ್ಕಡ; ಹಿಡಿಯ ಹೊಟ್ಟೆಯೊಳಗೆ ಚಾಕು, ಸಣ್ಣ ಗರಗಸ, ಸ್ಕ್ರೂಡ್ರೈವರ್, ಡಬ್ಬಿ ತೆಗೆಯುವ ಕೊಕ್ಕೆ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋದಾಗ ನೆಲದ ಮೇಲೆ ಹಾಸಿದ್ದ ಸಾಮಾನಿನಲ್ಲಿ ಕಂಡಿತು. "ಒಂದರಾಗ ಹದಿನೈದು ಸಾಮಾನ ಅದಾವ್ರಿ, ಜರ್ಮನ್ ಸ್ಟೀಲ್" ಅಂದ ಮಾರುವವನು. 450 ರೂಪಾಯಿ ಕೊಟ್ಟೆ. ಹದಿನೈದು ಎಂಬ ಲೆಕ್ಕ ನೋಡಿ ಕೊಂಡೆನೇ ಹೊರತು, ಚಾಕು ತೆರೆದು ಅದರ ಬೆನ್ನನ್ನು ಒಮ್ಮೆಯೂ ಒತ್ತಿ ನೋಡಲಿಲ್ಲ.

ನಮ್ಮ ಕಾಕಾನ ಕಿಸೆಯಲ್ಲಿ ಇಪ್ಪತ್ತು ವರ್ಷದಿಂದ ಇರುವುದು ಒಂದೇ ಅಲಗಿನ ಕಸಿ ಚಾಕು. ಡಾಗ್‌ರಿಡ್ಜ್ ಎಂಬ ಬೇರುಸಸಿಯ ಮೇಲೆ ಥಾಮ್ಸನ್ ತಳಿಯ ದ್ರಾಕ್ಷಿ ಕಸಿ ಕಟ್ಟುವುದಕ್ಕೆ ಇಟ್ಟುಕೊಂಡದ್ದು. ಅದರಲ್ಲಿ ಅವನು ಕಡ್ಡಿ ಸೀಳುತ್ತಾನೆ, ಕಸಿಯ ಪಟ್ಟಿ ಕೊಯ್ಯುತ್ತಾನೆ, ಅಷ್ಟೇ. ಯಾರಾದರೂ ಸ್ಕ್ರೂ ತಿರುಗಿಸಲು ಕೇಳಿದರೆ ಕೊಡುವುದಿಲ್ಲ. ನನಗೆ ಆಗ ಅದು ಹಟ ಎನಿಸುತ್ತಿತ್ತು. ಚಾಕು ಒಂದೇ ಕೆಲಸ ಮಾಡುತ್ತದೆ, ನನ್ನ ಪಕ್ಕಡ ಎಲ್ಲ ಕೆಲಸ ಮಾಡುತ್ತದೆ ಎಂದು ಅವನ ಮುಂದೆಯೇ ಹೇಳಿದ್ದೆ.

ಮೊದಮೊದಲು ಮಾಡಿತು ಕೂಡ. ಸ್ಪ್ರೇ ಪಂಪಿನ ನಾಜಲ್ ಬಿಚ್ಚಲು, ಕ್ಲಿಪ್ ಎಳೆಯಲು ಚೆನ್ನಾಗಿತ್ತು. ಚಪ್ಪರದ ತಂತಿಗೆ ಬಂದಾಗ ಬಣ್ಣ ಬಯಲಾಯಿತು. ಆ ತಂತಿ ಗಡಸು. ಎರಡು ಕಡೆ ಕತ್ತರಿಸುವಷ್ಟರಲ್ಲಿ ಪಕ್ಕಡದ ಬಾಯಿಯಲ್ಲಿ ಕಚ್ಚು ಬಿತ್ತು. ಹಿಡಿದು ತಿರುವಿದಾಗ ದವಡೆಗಳು ಒಂದರ ಪಕ್ಕ ಒಂದು ಜಾರಿದವು. ಸ್ಟೇನ್‌ಲೆಸ್ ಎಂದರೆ ತುಕ್ಕು ಬೇಗ ಹಿಡಿಯುವುದಿಲ್ಲ ಎಂದಷ್ಟೇ. ಇಂಗಾಲ ಕಡಿಮೆ ಇರುವ ಸ್ಟೀಲು ಎಷ್ಟು ಕಾಯಿಸಿ ಹದ ಮಾಡಿದರೂ ಬೇಕಾದಷ್ಟು ಗಡಸು ಬರುವುದಿಲ್ಲ. ಹೊಳಪಿನಲ್ಲಿ ಅದು ಗೊತ್ತಾಗುವುದೂ ಇಲ್ಲ.

ಒಂದು ದಿನ ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಸಡಿಲಾದ ವೈರಿಗೆ ಇದೇ ಪಕ್ಕಡ ಹಾಕಿದ್ದೆ. ಕರೆಂಟ್ ಹೋಗಿದೆ ಎಂಬ ಧೈರ್ಯ. ಕಾಕಾ ಓಡಿ ಬಂದು ಮೊದಲು ಫ್ಯೂಸ್ ಕಿತ್ತ, ಆಮೇಲೆ ಬೈದ. "ತ್ರೀಫೇಸ್ ಯಾವಾಗ ಬರತೈತಿ ಅಂತ ನಿನಗ ಹೇಳಿ ಬರತೈತೇನಲೇ?" ಅವನು ಹೇಳಿದ್ದು ಸರಿ. ಈ ಪಕ್ಕಡದ ಹಿಡಿ ಬರಿ ಕಬ್ಬಿಣ. ಅಲ್ಲಿ ಬರುವುದು 415 ವೋಲ್ಟ್. ಎಷ್ಟೇ ದುಬಾರಿ ಮಲ್ಟಿಟೂಲ್ ಆಗಲಿ, ಬರಿ ಲೋಹದ ಹಿಡಿ ಇದ್ದರೆ ಕರೆಂಟಿನ ಕೆಲಸಕ್ಕೆ ಮುಟ್ಟಬಾರದು. ಅದಕ್ಕೆ 1000 ವೋಲ್ಟ್ ಎಂದು ಹಿಡಿಯ ಮೇಲೆಯೇ ಗುರುತು ಇರುವ ಇನ್ಸುಲೇಟೆಡ್ ಪಕ್ಕಡ ಬೇರೆ ಬರುತ್ತದೆ, ಅದನ್ನು ಹಿಡಿಯುವ ಮೊದಲೂ ಫ್ಯೂಸ್ ಕೀಳಬೇಕು.

ಅಂದು ಉಳಿದುಕೊಂಡೆ. ಬೆರಳು ಹೋದದ್ದು ಬೇರೆ ದಾರಿಯಲ್ಲಿ, ಅದು ನನಗೆ ಹೊಳೆಯಲೇ ಇಲ್ಲ.

ಮಳೆಗಾಲದಲ್ಲಿ ಬಳ್ಳಿಗೆ ಶಿಲೀಂಧ್ರ ರೋಗ ಬಾರದಿರಲೆಂದು ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಒಂದು ಪರ್ಸೆಂಟಿನ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಸುಣ್ಣ ಸಾಕಾಗಿದೆಯೋ ಇಲ್ಲವೋ ನೋಡಲು ಕುಡುಗೋಲು ಅದ್ದುವುದು ನಮ್ಮ ಹಿರಿಯರ ರೂಢಿ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಇನ್ನೂ ಸುಣ್ಣ ಬೇಕು ಎಂದರ್ಥ. ಕುಡುಗೋಲು ಕೈಗೆ ಸಿಗದಾಗ ನಾನು ಈ ಪಕ್ಕಡದ ಚಾಕುವನ್ನೇ ಅದ್ದುತ್ತಿದ್ದೆ. ನೀರಲ್ಲಿ ಜಾಲಾಡಿ ಕಿಸೆಗೆ ಹಾಕಿಕೊಳ್ಳುತ್ತಿದ್ದೆ. ಕೀಲಿನೊಳಗೆ ಸುಣ್ಣ, ಮಣ್ಣು, ತುಕ್ಕು ಎಲ್ಲ ಸೇರಿ ಚಾಕು ದಿನದಿನಕ್ಕೆ ಬಿಗಿಯಾಯಿತು. ತೆರೆಯಲು ಉಗುರು ಸಾಲದೆ ಎರಡು ಬೆರಳು ಹಾಕಿ ಎಳೆಯಬೇಕಿತ್ತು. ತೆರೆದ ಮೇಲೆ ಅಲುಗಾಡುತ್ತಿರಲಿಲ್ಲ. ಅದನ್ನೇ ನಾನು ಗಟ್ಟಿತನ ಎಂದು ತಿಳಿದೆ. ಮೊನೆಯಿಂದ ತೂತು ಮಾಡಿದ್ದೇನೆ, ಒತ್ತಿ ಮೀಟಿದ್ದೇನೆ, ಒಂದು ದಿನವೂ ಮಡಚಲಿಲ್ಲ.

ಸೆಪ್ಟೆಂಬರ್ ಕೊನೆಯ ವಾರ, ಅಕ್ಟೋಬರ್ ಚಾಟ್ನಿಗೆ ಎಲ್ಲ ಸಜ್ಜು ಮಾಡಿಕೊಳ್ಳುತ್ತ, ಸಾಮಾನುಗಳಿಗೂ ಸೇವೆ ಆಗಲಿ ಎಂದು ಹೊಲಿಗೆ ಮಷಿನ್ನಿನ ಎಣ್ಣೆ ಬಿಟ್ಟೆ. ಚಾಕು ಸರಾಗವಾಗಿ ತೆರೆಯಿತು, ಸರಾಗವಾಗಿ ಮುಚ್ಚಿತು. ಖುಷಿಯಾಯಿತು.

ಮರುದಿನ ಬೆಳಿಗ್ಗೆ 16 ಮಿಲಿಮೀಟರಿನ ಡ್ರಿಪ್ ಪೈಪಿಗೆ ಡ್ರಿಪ್ಪರ್ ಕೂರಿಸಬೇಕಿತ್ತು. ತೂತು ಹಾಕುವ ಪಂಚ್ ಮನೆಯಲ್ಲೇ ಉಳಿದಿತ್ತು. ಚಾಕುವಿನ ಮೊನೆ ಇಟ್ಟು ಒತ್ತಿದೆ. ಪೈಪು ಜಾರಿತು, ಮೊನೆ ಅಲ್ಲೇ ಸಿಕ್ಕಿಕೊಂಡಿತು, ಕೈ ಮುಂದೆ ಹೋಯಿತು. ಅಲಗು ಬಾಗಿಲಿನಂತೆ ನನ್ನ ಬೆರಳ ಮೇಲೆ ಮುಚ್ಚಿತು. ನೋವಿಗಿಂತ ಮೊದಲು ಗೊತ್ತಾದದ್ದು ಬೆರಳು ನನ್ನ ಮಾತು ಕೇಳುತ್ತಿಲ್ಲ ಎಂಬುದು. ಮಡಚು ಎಂದರೆ ಉಳಿದ ಮೂರು ಮಡಚಿದವು, ಅದು ನೆಟ್ಟಗೇ ಇತ್ತು.

ವಿಜಯಪುರದ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು: ಬೆರಳು ಮಡಚುವ ನರದಂಥ ಹುರಿ, ಅಂದರೆ ಸ್ನಾಯುರಜ್ಜು, ತುಂಡಾಗಿದೆ. ಅದನ್ನು ಜೋಡಿಸಿ ಹೊಲಿದರು, ಧನುರ್ವಾತದ ಇಂಜೆಕ್ಷನ್ ಕೊಟ್ಟರು, ಆರು ವಾರ ಪಟ್ಟಿ, ಮೂರು ತಿಂಗಳು ಭಾರ ಎತ್ತುವ ಹಾಗಿಲ್ಲ ಎಂದರು. ನಮ್ಮ ಇಡೀ ವರ್ಷದ ದುಡಿಮೆ ಆ ಮೂರು ತಿಂಗಳಲ್ಲೇ ಇದೆ. ಚಾಟ್ನಿ, ಕಡ್ಡಿಯ ಕಣ್ಣುಗಳಿಗೆ ಚಿಗುರೊಡೆಯಲು ಪೇಸ್ಟ್ ಹಚ್ಚುವುದು, ಚಿಗುರು ತೆಗೆಯುವುದು, ಔಷಧಿ ಹೊಡೆಯುವುದು, ಎಲ್ಲ ಕೂಲಿಯವರಿಂದ ಮಾಡಿಸಿದೆವು. ನನ್ನ ಪಾಲಿನ ಕೆಲಸವನ್ನೂ ಹೊತ್ತುಕೊಂಡು ಮನೆಯಾಕೆ ಬೆಳಗಿನ ಐದಕ್ಕೆ ಪಡದಲ್ಲಿರುತ್ತಿದ್ದಳು. ಆ ಖರ್ಚನ್ನು, ಅವಳ ಆ ದಣಿವನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಪಟ್ಟಿ ಕಟ್ಟಿಕೊಂಡು ಕೂತಾಗ ಆ ಪಕ್ಕಡವನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅಲಗನ್ನು ತಡೆದು ಹಿಡಿಯುವ ಲಾಕ್ ಅದರಲ್ಲಿ ಇರಲೇ ಇಲ್ಲ. ಒಂದು ತೆಳು ಸ್ಪ್ರಿಂಗ್ ಪಟ್ಟಿ ಅಲಗಿನ ಬುಡವನ್ನು ಸುಮ್ಮನೆ ಒತ್ತುತ್ತದೆ, ಅಷ್ಟೇ. ಇಷ್ಟು ದಿನ ಅಲಗನ್ನು ಹಿಡಿದಿದ್ದದ್ದು ಸುಣ್ಣ ಮತ್ತು ತುಕ್ಕು. ನಾನೇ ಎಣ್ಣೆ ಹಾಕಿ ಅದನ್ನು ತೊಳೆದುಬಿಟ್ಟಿದ್ದೆ.

ಕಾಕಾನ ಕಸಿ ಚಾಕುವಿಗೂ ಲಾಕ್ ಇಲ್ಲ. ಆದರೆ ಅವನು ಯಾವಾಗಲೂ ಹರಿತದ ಕಡೆಯಿಂದ ಕೊಯ್ಯುತ್ತಾನೆ. ಆಗ ಬಲ ಅಲಗನ್ನು ಇನ್ನಷ್ಟು ತೆರೆಯುವ ಕಡೆಗೇ ಬೀಳುತ್ತದೆ. ಮೊನೆ ಚುಚ್ಚಿದಾಗ, ಬೆನ್ನಿನ ಮೇಲೆ ಒತ್ತಿದಾಗ ಬಲ ಮುಚ್ಚುವ ಕಡೆಗೆ ತಿರುಗುತ್ತದೆ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ ಆ ಹೆಸರುವಾಸಿ ಕೆಂಪು ಚಾಕು, 91 ಮಿಲಿಮೀಟರಿನದ್ದು, ಅಪ್ಪಟ ಮಾಲು. ಅದರ ಅಲಗಿಗೂ ಸ್ಪ್ರಿಂಗ್ ಮಾತ್ರ, ಲಾಕ್ ಇಲ್ಲ. ಅದು ದೋಷವಲ್ಲ, ಅದನ್ನು ಕೊಯ್ಯಲು ಮಾಡಿದ್ದಾರೆ. ಅದನ್ನು ತಿಳಿಯದೆ ಚುಚ್ಚಲು ಬಳಸಿದರೆ ಅದೂ ಮಡಚುತ್ತದೆ.

ಪಕ್ಕಡದ ಮಾತಿಗೆ ಬಂದರೆ, ಇದಕ್ಕೆ ಹೆಸರು ತಂದವರು ಅಮೆರಿಕದ ಟಿಮ್ ಲೆದರ್‌ಮನ್. 1975ರಲ್ಲಿ ಹಳೆಯ ಫಿಯೆಟ್ ಕಾರಿನಲ್ಲಿ ಯುರೋಪ್ ಸುತ್ತುವಾಗ ಅವರ ಕಿಸೆಯಲ್ಲಿ ಚಾಕು ಇತ್ತು, ಕಾರು ಕೆಟ್ಟಾಗ ಬೇಕಾಗುತ್ತಿದ್ದದ್ದು ಪಕ್ಕಡ. 1983ರಲ್ಲಿ ಅವರು ಮಾರಾಟಕ್ಕೆ ತಂದ ಮೊದಲ ಪಕ್ಕಡದ ಅಲಗಿಗೂ ಲಾಕ್ ಇರಲಿಲ್ಲ. 1998ರಲ್ಲಿ ಬಂದ ವೇವ್ ಮಾಡೆಲ್ಲಿನಲ್ಲಿ ಅಲಗು ಹೊರಗಿನಿಂದಲೇ ತೆರೆಯುತ್ತದೆ, ತೆರೆದರೆ ಲಾಕ್ ಬೀಳುತ್ತದೆ. ಹೀಗೆ ಒಳ್ಳೆಯ ಪಕ್ಕಡ ಇಲ್ಲವೆಂದಲ್ಲ. ಆದರೆ ಅದು ಮೊದಲು ಪಕ್ಕಡ, ಚಾಕು ಅದರ ಬೆನ್ನಿಗೆ ಬಂದದ್ದು. ದಿನಕ್ಕೆ ಹತ್ತು ಸಲ ಕೊಯ್ಯುವ ಕೆಲಸ ಇರುವವರಿಗೆ, ನನ್ನ ಮಟ್ಟಿಗೆ, ಲಾಕ್ ಇರುವ ಒಂದೇ ಅಲಗಿನ ಚಾಕು ಮೇಲು. ಹಿಡಿ ಕೈತುಂಬ ಇರುತ್ತದೆ, ತೊಳೆಯುವುದು ಸುಲಭ. ಪಕ್ಕಡ ಬೈಕಿನ ಪೆಟ್ಟಿಗೆಯಲ್ಲಿ ಬೇರೆ ಇರಲಿ. ನಾನೀಗ ಹಾಗೇ ಮಾಡಿದ್ದೇನೆ.

ಕೊಳ್ಳುವಾಗ ಅಂಗಡಿಯಲ್ಲೇ ನೋಡಿ: ಅಲಗು ತೆರೆಯುವಾಗ ಲಾಕ್ ಕೂತ ಸದ್ದು ಕೇಳಬೇಕು, ಒಳಗಿನ ಪಟ್ಟಿ ಅಲಗಿನ ಬುಡದ ಹಿಂದೆ ಬಂದು ನಿಂತದ್ದು ಕಣ್ಣಿಗೆ ಕಾಣಬೇಕು. ಬೆರಳುಗಳನ್ನು ಅಲಗಿನ ದಾರಿಯಿಂದ ದೂರ ಇಟ್ಟು, ಹಿಡಿಯನ್ನು ಎರಡು ಬದಿಯಿಂದ ಹಿಡಿದು, ಬೆನ್ನನ್ನು ಕಟ್ಟಿಗೆಗೆ ಒತ್ತಿ. ಮನೆಯಲ್ಲಿರುವ ಹಳೆಯದನ್ನಾದರೆ ಮೊದಲು ತೊಳೆದು ಎಣ್ಣೆ ಬಿಡಿ, ಆಮೇಲೆ ಒತ್ತಿ.

ಹೋದ ವಾರ ಪಕ್ಕದ ಪಡದ ಹುಡುಗನ ಸೊಂಟದಲ್ಲಿ ಅದೇ ಪಕ್ಕಡ ಕಂಡಿತು. ನನ್ನ ಬೆರಳು ತೋರಿಸಿ ಹೇಳಿದೆ. "ನಂದು ಭಾಳ ಗಟ್ಟಿ ಐತಿ ಅಣ್ಣಾ, ಮಡಚಂಗೇ ಇಲ್ಲ" ಅಂದ. ತೆರೆದು ತೋರಿಸಿದ; ನಿಜಕ್ಕೂ ಕಲ್ಲಿನ ಹಾಗೆ ನಿಂತಿತ್ತು. ಕೀಲಿನ ಸುತ್ತ ಬೋರ್ಡೋದ ನೀಲಿ ಕಲೆ ಇತ್ತು. ಮನೆಯಿಂದ ಎಣ್ಣೆ ಡಬ್ಬಿ ತಂದು ಎರಡು ಹನಿ ಬಿಟ್ಟೆ, ಹತ್ತು ಸಲ ತೆರೆದು ಮುಚ್ಚಿಸಿದೆ, ಹಿಡಿಯ ಬದಿ ಹಿಡಿದು ಅಲಗಿನ ಬೆನ್ನನ್ನು ಚಪ್ಪರದ ಕಂಬಕ್ಕೆ ಮೆಲ್ಲಗೆ ಒತ್ತಲು ಹೇಳಿದೆ. ಅವನು ಒತ್ತಿದ. ಅಲಗು ಮಡಚಿಕೊಂಡಿತು.